ಕಾಲಿನ ಅಳತೆ, ನೆಲದ ಅಳತೆ

ಹೋಳಿ ಹುಣ್ಣಿಮೆ ಮುಗಿದು ಯುಗಾದಿ ಸಮೀಪಿಸುತ್ತಿದ್ದಂತೆ ಆಲಮೇಲ, ಸಿಂದಗಿ, ಇಂಡಿ ಕಡೆಯ ರಸ್ತೆಗಳಲ್ಲಿ ನಡಿಗೆಯವರ ಗುಂಪುಗಳು ಕಾಣತೊಡಗುತ್ತವೆ. ಹೆಗಲ ಮೇಲೆ ಕಂಬಿ, ತಲೆಗೆ ಸುತ್ತಿದ ಟವೆಲ್ಲು, ಬಾಯಲ್ಲಿ ಮಲ್ಲಯ್ಯನ ಹೆಸರು. ಶ್ರೀಶೈಲದ ಭ್ರಮರಾಂಬೆಯನ್ನು ಕನ್ನಡ ನಾಡಿನ ಮಗಳೆಂದೂ ಮಲ್ಲಿಕಾರ್ಜುನನನ್ನು ಅಳಿಯನೆಂದೂ ತಿಳಿದ ಜನ ಇವರು. ಮಗಳ ಮನೆಗೆ ಹಬ್ಬಕ್ಕೆ ಹೋಗುವವರಂತೆ ಸೀರೆ, ಕುಪ್ಪಸ, ಅರಿಷಿಣ ಕುಂಕುಮ ಕಟ್ಟಿಕೊಂಡು ಮುನ್ನೂರು ಕಿಲೋಮೀಟರಿಗೂ ಮೀರಿದ ದಾರಿಯನ್ನು ಕಾಲ್ನಡಿಗೆಯಲ್ಲಿ ಸವೆಸುತ್ತಾರೆ. ಕೆಲವರು ಹರಕೆ ಹೊತ್ತು ಬರಿಗಾಲಲ್ಲಿ ನಡೆಯುತ್ತಾರೆ; ಇನ್ನು ಕೆಲವರು ಮರಗಾಲು ಕಟ್ಟಿಕೊಂಡು ನಡೆಯುವುದೂ ಉಂಟು.

ಒಂದು ವರ್ಷ ಈ ನಡಿಗೆಯವರ ಜೊತೆ ಮೂರು ದಿನ ನಡೆದು ವರದಿ ಬರೆಯಬೇಕೆಂದು ನಾನೂ ಹೊರಟೆ. ಹೊರಡುವ ಮುಂಚೆ ಸೊಲ್ಲಾಪುರದ ಅಂಗಡಿಯೊಂದರಲ್ಲಿ ನಾಲ್ಕು ಸಾವಿರ ರೂಪಾಯಿ ಕೊಟ್ಟು ‘ಟ್ರೇಲ್ ರನ್ನಿಂಗ್’ ಬೂಟು ಕೊಂಡಿದ್ದೆ. ಗುಡ್ಡಗಾಡಿನ ಕಚ್ಚಾ ದಾರಿಯಲ್ಲಿ ಓಡುವವರಿಗಾಗಿಯೇ ತಯಾರಾದ ಬೂಟು ಇದು. ಅಂಗಡಿಯ ನುಣುಪು ಫರಸಿಯ ಮೇಲೆ ನಾಲ್ಕು ಹೆಜ್ಜೆ ಹಾಕಿ, ಕನ್ನಡಿಯಲ್ಲಿ ಕಾಲು ನೋಡಿಕೊಂಡು, ನನ್ನ ಎಂದಿನ ನಂಬರೇ ಆದ್ದರಿಂದ ಹೆಚ್ಚು ಯೋಚಿಸದೆ ತಂದೆ. ಮೊದಲ ದಿನ ಇಪ್ಪತ್ತು ಕಿಲೋಮೀಟರು ಮುಗಿಯುವಷ್ಟರಲ್ಲಿ ಎರಡೂ ಕಿರುಬೆರಳಿಗೆ ಗುಳ್ಳೆ ಎದ್ದವು. ಎರಡನೆಯ ದಿನ ಬಲಗಾಲಿನ ಹೆಬ್ಬೆರಳ ಉಗುರು ಕಪ್ಪಗಾಯಿತು. ನನ್ನ ಪಕ್ಕದಲ್ಲಿ ಟೈರಿನ ಅಟ್ಟೆಯ ಚಪ್ಪಲಿ ಮೆಟ್ಟಿದ್ದ ಅರವತ್ತರ ಅಜ್ಜಿಯೊಬ್ಬರು ಹಾಯಾಗಿ ನಡೆಯುತ್ತಿದ್ದರು. ಮೂರನೆಯ ದಿನ ನಾನು ಬಸ್ಸು ಹತ್ತಿ ಊರಿಗೆ ಮರಳಿದೆ.

ಆಲಮೇಲದ ಸಂತೆಯ ಅಂಚಿನಲ್ಲಿ ಕೊಡೆಯ ನೆರಳಿಗೆ ಕೂತು ಜೋಡು ಹೊಲಿಯುವ ಹಿರಿಯರೊಬ್ಬರ ಮುಂದೆ ಆ ಬೂಟು ಇಟ್ಟೆ. ಅವರು ಅದನ್ನು ತಿರುವಿ ನೋಡಿದರು, ಹಿಂಡಿ ನೋಡಿದರು, ಒಳಗೆ ಕೈ ಹಾಕಿ ತಡವಿದರು.

“ಎಷ್ಟ ಕೊಟ್ಟಿ ತಮ್ಮಾ?”

“ನಾಕ ಸಾವಿರ ಕಾಕಾ.”

“ಬೂಟ ಛಲೋ ಐತಿ. ಆದ್ರ ಇದು ನಿನ್ನ ಕಾಲಿಂದಲ್ಲ.”

ಹಾಗೆಂದವರೇ ಹಳೆಯ ಪತ್ರಿಕೆಯ ಹಾಳೆಯೊಂದನ್ನು ನೆಲಕ್ಕೆ ಹಾಸಿ, ಅದರ ಮೇಲೆ ನನ್ನನ್ನು ನಿಲ್ಲಿಸಿ, ಸುತ್ತಲೂ ಪೆನ್ಸಿಲ್ಲಿನಿಂದ ಗೆರೆ ಎಳೆದರು. ಬೂಟಿನೊಳಗಿನ ಮೆತ್ತೆಯನ್ನು ಕಿತ್ತು ಆ ಗೆರೆಯ ಮೇಲಿಟ್ಟರು. ಉದ್ದ ಸರಿಯಾಗಿಯೇ ಇತ್ತು. ಆದರೆ ಬೆರಳುಗಳು ಹರಡಿಕೊಳ್ಳುವ ಜಾಗದಲ್ಲಿ ನನ್ನ ಕಾಲು ಎರಡೂ ಕಡೆ ಮೆತ್ತೆಯನ್ನು ಮೀರಿ ಹೊರಗೆ ಚಾಚಿತ್ತು. ಎರಡು ನಿಮಿಷದ ಈ ಪರೀಕ್ಷೆಯನ್ನು ಅಂಗಡಿಯಲ್ಲಿ ಯಾರೂ ಮಾಡಿರಲಿಲ್ಲ, ನಾನೂ ಕೇಳಿರಲಿಲ್ಲ.

ಕಾಲ್ಮೆಟ್ಟು ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಯಾವುದರಿಂದ ಅಳೆಯಬೇಕು? ಕಾಲಿನಿಂದಲೋ, ನೆಲದಿಂದಲೋ, ಪೆಟ್ಟಿಗೆಯ ಮೇಲಿನ ನಂಬರಿನಿಂದಲೋ? ಈ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ನಮ್ಮ ಸೀಮೆಯ ಒಂದು ದೊಡ್ಡ ಚರಿತ್ರೆಯೇ ಎದುರಾಗುತ್ತದೆ.

ಮೊದಲು ನೆಲದ ಮಾತು. ಭೀಮಾ ಮತ್ತು ಡೋಣಿ ನದಿಗಳ ಆಸುಪಾಸಿನ ಈ ಭೂಮಿ ಎರೆಮಣ್ಣಿನದು. ನಮ್ಮವರ ಮಾತಿನಲ್ಲಿ ಯರಿ ಹೊಲ. ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಉಕ್ಕಿ ಹರಿದ ಲಾವಾರಸ ತಣ್ಣಗಾಗಿ ಕರಿಕಲ್ಲಾಯಿತು. ಆ ಕಲ್ಲು ಶಿಥಿಲವಾಗಿ ಈ ಮಣ್ಣಾಯಿತು. ನೀರು ಹೀರಿ ಉಬ್ಬುವುದು, ಒಣಗಿ ಕುಗ್ಗುವುದು ಇದರಲ್ಲಿರುವ ಜೇಡಿಯ ಗುಣ. ಆದ್ದರಿಂದ ಇಲ್ಲಿಯ ನೆಲ ವರ್ಷಕ್ಕೆ ಮೂರು ವೇಷ ಹಾಕುತ್ತದೆ. ಮಳೆಗಾಲದಲ್ಲಿ ಹತ್ತು ಹೆಜ್ಜೆ ನಡೆದರೆ ಕಾಲಿಗೆ ಸೇರು ಮಣ್ಣು ಮೆತ್ತಿಕೊಳ್ಳುತ್ತದೆ. ಜೋಡು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯುವುದೇ ಮೇಲು. ಚಳಿಗಾಲದಲ್ಲಿ ಜೋಳದ ಹೊಲದ ನೆಲ ಮೆತ್ತಗೆ, ಹದವಾಗಿರುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಕಬ್ಬಿಣದಂತಾಗಿ ಬಿರುಕು ಬಿಡುತ್ತದೆ, ಬಿರುಕಿನ ಅಂಚು ಕಾಲು ಕೊಯ್ಯುತ್ತದೆ, ಮೇಲೆ ಬಿಸಿಲು ಸುಡುತ್ತದೆ. ಇವೆಲ್ಲದರ ಜೊತೆಗೆ ವರ್ಷವಿಡೀ ಜಾಲಿಮುಳ್ಳು.

ಶ್ರೀಶೈಲದ ದಾರಿಯ ಕೊನೆಯ ಭಾಗವಂತೂ ಬೇರೆಯೇ ಲೋಕ. ಆತ್ಮಕೂರು ದಾಟಿ ವೆಂಕಟಾಪುರದಿಂದ ಮುಂದೆ ನಲ್ಲಮಲ ಅಡವಿ. ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ್ಳ, ಕೈಲಾಸ ಬಾಗಿಲು ಎಂದು ಈ ಕಾಡುಹಾದಿಯ ನಿಲುಗಡೆಗಳನ್ನು ನಮ್ಮ ಕಡೆಯ ಹಿರಿಯರು ಜಪದಂತೆ ಹೇಳಬಲ್ಲರು. 14ನೇ ಶತಮಾನದಲ್ಲಿ ರೆಡ್ಡಿ ದೊರೆ ಪ್ರೋಲಯ ವೇಮ ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದನೆಂದು ಇತಿಹಾಸ ಹೇಳುತ್ತದೆ. ಇಲ್ಲಿ ಎರೆಮಣ್ಣಿಲ್ಲ. ಬೆಣಚಿನ ಜಾತಿಯ ಗಟ್ಟಿ ಕಲ್ಲು, ಸಡಿಲ ಜಲ್ಲಿ, ಕಡಿದಾದ ಏರು, ಅದಕ್ಕಿಂತ ಕಡಿದಾದ ಇಳಿಜಾರು. ಬಯಲು ಸೀಮೆಯ ಹೊಲಕ್ಕೆಂದು ಹುಟ್ಟಿದ ಮೆಟ್ಟು ಇಲ್ಲಿ ಬಂದು ಸೋಲುವುದುಂಟು. ನಡಿಗೆಯವರ ಕಾಲಿಗೆ ಬಿಸಿನೀರು, ಎಣ್ಣೆ, ಮುಲಾಮು ಹಚ್ಚುವ ಸೇವೆಯವರು ದಾರಿಯುದ್ದಕ್ಕೂ ಡೇರೆ ಹಾಕಿರುತ್ತಾರೆ. ಅವರ ಮುಂದೆ ಅರ್ಧ ಗಂಟೆ ಕೂತರೆ ಯಾವ ಮೆಟ್ಟು ಕಾಲಿನ ಯಾವ ಜಾಗವನ್ನು ತಿನ್ನುತ್ತದೆ ಎಂಬುದಕ್ಕೆ ಬೇರೆ ಪುಸ್ತಕ ಬೇಡ.

ಹೊಲದ ನೆಲಕ್ಕೆ ನಮ್ಮ ಪೂರ್ವಿಕರು ಕಂಡುಕೊಂಡ ಉತ್ತರವೇ ಇಂದು ‘ಕೊಲ್ಹಾಪುರಿ’ ಎಂಬ ಹೆಸರಿನಲ್ಲಿ ಜಗತ್ತಿಗೆ ಪರಿಚಿತವಾಗಿರುವ ತೊಗಲಿನ ಚಪ್ಪಲಿ. ಹೆಸರು ಕೊಲ್ಹಾಪುರದ್ದಾದರೂ ತಯಾರಿ ಗಡಿಯ ಎರಡೂ ಕಡೆ ಇದೆ. 2018-19ರಲ್ಲಿ ಇದಕ್ಕೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದವು. ಕೊಲ್ಹಾಪುರದ ಶಾಹೂ ಮಹಾರಾಜರು (ಆಳ್ವಿಕೆ 1894-1922) ಈ ಕಸುಬಿಗೆ ಕೊಟ್ಟ ಪ್ರೋತ್ಸಾಹದಿಂದ ಆ ಊರಿನ ಹೆಸರು ಅಂಟಿಕೊಂಡಿತು. ಅಥಣಿ, ನಿಪ್ಪಾಣಿ ಕಡೆ ಹೊಲಿದ ಎಷ್ಟೋ ಜೊತೆಗಳು ಕೊಲ್ಹಾಪುರದ ಪೇಟೆಯಲ್ಲಿ ಮಾರಾಟವಾಗಿ ಅಲ್ಲಿಯದೇ ಆಗಿಬಿಟ್ಟವು.

ಈ ಚಪ್ಪಲಿಯ ತಯಾರಿಯನ್ನು ಗಮನಿಸಿದರೆ ಒಂದು ಸ್ವಾರಸ್ಯ ತಿಳಿಯುತ್ತದೆ. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದ ಮೇಲೆ ಹದ ಮಾಡಲು ಬಳಸುವುದು ಜಾಲಿಯ ತೊಗಟೆ ಮತ್ತು ಅಳಲೆಕಾಯಿ. ತೊಗಲನ್ನೇ ಚೀಲದಂತೆ ಹೊಲಿದು, ತೂಗುಹಾಕಿ, ಅದರೊಳಗೆ ತೊಗಟೆ-ಕಾಯಿಯ ಕಷಾಯ ತುಂಬಿ ಇಳಿಯಲು ಬಿಡುತ್ತಾರೆ. ಇದು ವಾರಗಟ್ಟಲೆಯ ಕೆಲಸ. ಯಾವ ಮರದ ಮುಳ್ಳು ಹೊಲದಲ್ಲಿ ಕಾಲಿಗೆ ಚುಚ್ಚುತ್ತದೆಯೋ ಅದೇ ಮರದ ತೊಗಟೆ ಮುಳ್ಳು ತಡೆಯುವ ಅಟ್ಟೆಯನ್ನು ಗಟ್ಟಿ ಮಾಡುತ್ತದೆ! ಎಮ್ಮೆಯ ದಪ್ಪ ತೊಗಲಿನ ಅಟ್ಟೆ, ಪದರದ ಮೇಲೆ ಪದರವಿಟ್ಟ ಹಿಮ್ಮಡಿ, ಕಾಲ್ಬೆರಳಿಗೆ ಉಂಗುಟ, ಮೀಗಾಲ ಮೇಲೆ ಪಟ್ಟಿ. ಹೊಲಿಗೆಗೆ ನೂಲಲ್ಲ, ತೊಗಲಿನ ಎಳೆ. ಮೊಳೆ ಒಂದೂ ಇಲ್ಲ. ಅಂದವಾದ ಹೆಣಿಗೆಯ ಕೆಲಸ ಬಹುಪಾಲು ಮನೆಯ ಹೆಣ್ಣುಮಕ್ಕಳದು.

ಮೊಳೆಯಿಲ್ಲದಿರುವುದು ಕೇವಲ ಅಲಂಕಾರದ ಮಾತಲ್ಲ. ಮೊಳೆ ಸವೆದ ಅಟ್ಟೆಯಿಂದ ಮೇಲೆದ್ದು ಕಾಲಿಗೆ ಚುಚ್ಚುತ್ತದೆ, ಮಣ್ಣಿನ ತೇವಕ್ಕೆ ತುಕ್ಕು ಹಿಡಿಯುತ್ತದೆ. ತೊಗಲಿನ ಎಳೆಯಾದರೋ ಅಟ್ಟೆಯ ಜೊತೆಗೇ ಬಾಗುತ್ತದೆ, ಅಟ್ಟೆಯ ಜೊತೆಗೇ ಸವೆಯುತ್ತದೆ. ಮುಂಭಾಗ ತೆರೆದಿರುವುದರಿಂದ ಬೆರಳುಗಳು ತಮಗೆ ಬೇಕಾದಷ್ಟು ಹರಡಿಕೊಳ್ಳಬಹುದು. ಹೊಸತರಲ್ಲಿ ಇದು ಕಾಲು ಕಚ್ಚುವುದು ಎಲ್ಲರಿಗೂ ತಿಳಿದದ್ದೇ. ಹೊಸ ಜೋಡಿಗೆ ಎಣ್ಣೆ ಸವರಿ, ನಾಲ್ಕು ದಿನ ಮನೆಯ ಅಂಗಳದಲ್ಲೇ ಮೆಟ್ಟಿ, ಬೆವರು ಮತ್ತು ಭಾರ ಬಿದ್ದು ಅಟ್ಟೆಯ ಮೇಲೆ ಕಾಲಿನ ಗುರುತು ಮೂಡಿದ ಮೇಲೆ ಹೊಲಕ್ಕೆ ಹಾಕಿಕೊಂಡು ಹೋಗುವುದು ವಾಡಿಕೆ. ಆ ಗುರುತು ಮೂಡಿದ ಮೇಲೆ ಆ ಜೋಡು ಇನ್ನೊಬ್ಬರ ಕಾಲಿಗೆ ಒಗ್ಗುವುದಿಲ್ಲ.

ಹಾಗೆಂದು ಹಳೆಯದೆಲ್ಲ ಹೊನ್ನು ಎಂದು ಹೊಗಳುವ ಅಗತ್ಯವಿಲ್ಲ. ತೊಗಲಿನ ಚಪ್ಪಲಿ ಮಳೆಗೆ ಆಗದು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಸೆಟೆಯುತ್ತದೆ. ನುಣುಪು ಕಲ್ಲಿನ ಮೇಲೆ ಜಾರುತ್ತದೆ. ಓಡಲಿಕ್ಕಂತೂ ಅದು ಹುಟ್ಟಿದ್ದೇ ಅಲ್ಲ; ಹಿಮ್ಮಡಿಯನ್ನು ಹಿಡಿದಿಡುವ ಬಾರು ಇಲ್ಲದ ಯಾವ ಮೆಟ್ಟಾದರೂ ಓಟದಲ್ಲಿ ಕಾಲಿಗಿಂತ ಒಂದು ಹೆಜ್ಜೆ ಹಿಂದೆಯೇ.

ಮಾತಿನ ನಡುವೆ ಒಂದು ಸಣ್ಣ ಸಂಗತಿ. ಕೆರ, ಮೆಟ್ಟು, ಜೋಡು, ಕಾಲಮರಿ, ಚಮ್ಮಾವುಗೆ, ಎಕ್ಕಡ ಎಂದು ಕನ್ನಡದಲ್ಲಿ ಇದಕ್ಕೆ ಹೆಸರುಗಳ ಬರವಿಲ್ಲ. ಪಾರಸಿಯಿಂದ ಬಂದ ‘ಪಾಪಾಸು’ ಕೂಡ ಇದೆ. ಹೊಲದ ಬೇಲಿಯಲ್ಲಿ ಬೆಳೆಯುವ ಪಾಪಾಸುಕಳ್ಳಿಗೆ ಆ ಹೆಸರು ಬಂದದ್ದು ಅದರ ಚಪ್ಪಟೆ ದಳ ಜೋಡಿನ ಅಟ್ಟೆಯಂತೆ ಕಾಣುವುದರಿಂದಲೇ ಇರಬೇಕು. ಮುಳ್ಳೇ ಜೋಡಿನ ಹೆಸರು ಹೊತ್ತು ನಿಂತ ಈ ತಮಾಷೆಗೆ ನಮ್ಮ ಜನರ ಹಾಸ್ಯಪ್ರಜ್ಞೆಯೇ ಕಾರಣ.

ಇಷ್ಟು ಹೆಸರುಗಳಿದ್ದ ವಸ್ತುವನ್ನು ತಯಾರಿಸಿದವರಿಗೆ ಸಮಾಜ ಕೊಟ್ಟ ಸ್ಥಾನ ಯಾವುದು? ತೊಗಲು ಹದ ಮಾಡುವ ಡೋಹರರು, ಹೊಲಿಯುವ ಸಮಗಾರರು, ಮಚ್ಚಿಗಾರರು, ಮಾದಿಗರು ಊರಿನ ಅಂಚಿನಲ್ಲಿದ್ದರು. ಊರಿನವರೆಲ್ಲರ ಕಾಲಿನ ಅಳತೆ ಬಲ್ಲವರು ಊರಿನ ಬಾವಿಗೆ ಬರುವಂತಿರಲಿಲ್ಲ.

12ನೇ ಶತಮಾನದ ಕಲ್ಯಾಣದಲ್ಲಿ ಈ ಕಟ್ಟನ್ನು ಒಡೆಯುವ ಪ್ರಯತ್ನ ನಡೆಯಿತು. ಡೋಹರ ಕಕ್ಕಯ್ಯ, ಮಾದಾರ ಚೆನ್ನಯ್ಯ, ಸಮಗಾರ ಹರಳಯ್ಯ ಶರಣರ ಸಾಲಿನಲ್ಲಿ ನಿಂತರು. ಹರಳಯ್ಯನ ಕಥೆಯನ್ನು ಬಸವನ ಬಾಗೇವಾಡಿಯ ಸೀಮೆಯಲ್ಲಿ ತಿಳಿಯದವರಿಲ್ಲ. ತಾನು ‘ಶರಣು’ ಎಂದಾಗ ಬಸವಣ್ಣ ‘ಶರಣು ಶರಣಾರ್ಥಿ’ ಎಂದರಂತೆ. ಹೆಚ್ಚಾಗಿ ಬಂದ ಆ ಒಂದು ಮಾತಿನ ಋಣ ತೀರಿಸಲು ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಹೊಲಿದು ತಂದರೆಂಬುದು ಪರಂಪರೆಯ ನಂಬಿಕೆ. ಬಸವಣ್ಣ ಅವನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತರು. ಕಥೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ನಮ್ಮ ನಾಡಿನಲ್ಲಿ ಅತಿ ಹೆಚ್ಚು ನೆನಪಾಗುವ ಜೊತೆ ಮೆಟ್ಟು ಯಾರ ಕಾಲನ್ನೂ ಸೇರದೆ ಉಳಿದ ಮೆಟ್ಟು ಎಂಬುದು ಯೋಚಿಸಬೇಕಾದ ವಿಷಯ. ಅಲ್ಲಿ ಬೆಲೆ ಕಟ್ಟಿದ್ದು ಹೊಲಿದವರಿಗೆ. ಮುಂದೆ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದಾಗ ಇಬ್ಬರು ತಂದೆಯರಿಗೂ ಬಿಜ್ಜಳ ಎಳೆಹೂಟೆಯ ಶಿಕ್ಷೆ ಕೊಡಿಸಿದ. ಕಲ್ಯಾಣ ಕ್ರಾಂತಿಗೆ ಅದೇ ಕಿಡಿಯಾಯಿತು.

ಇದು ಎಂಟುನೂರು ವರ್ಷಗಳ ಹಿಂದಿನ ಮಾತು ಎಂದು ಸುಮ್ಮನಾಗುವಂತಿಲ್ಲ. ಮೇಲ್ಜಾತಿಯವರ ಓಣಿಯಲ್ಲಿ ದಲಿತರು ಜೋಡು ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಾಗಿದ್ದ ಕಾಲ ಈಗಿನ ಅಜ್ಜಂದಿರ ನೆನಪಿನಲ್ಲೇ ಇದೆ. ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಿದ್ದುಪಡಿ ತಂದಾಗ, ಪರಿಶಿಷ್ಟರು ಸಾರ್ವಜನಿಕ ಸ್ಥಳದಲ್ಲಿ ಪಾದರಕ್ಷೆ ಧರಿಸುವುದನ್ನು ತಡೆಯುವುದು ಅಪರಾಧ ಎಂದು ಸಂಸತ್ತು ಬಿಡಿಸಿ ಬರೆಯಬೇಕಾಯಿತು. ಇಲ್ಲದ ರೋಗಕ್ಕೆ ಯಾರೂ ಮದ್ದು ಬರೆಯುವುದಿಲ್ಲ.

ಇನ್ನು ಓಟದ ವಿಷಯ. ಓಟಕ್ಕೆಂದೇ ಬೂಟು ಎಂಬ ಕಲ್ಪನೆ ನಮ್ಮ ಹಳ್ಳಿಗಳಿಗೆ ತಡವಾಗಿ ಬಂತು. ಓಟ ಮಾತ್ರ ಮೊದಲಿನಿಂದಲೂ ಇತ್ತು. 1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟದಲ್ಲಿ ಹೊಲಗೆಲಸದ ಹುಡುಗರು ಬರಿಗಾಲಲ್ಲಿ ಓಡುವುದನ್ನು ಕಂಡು ದೊರಾಬ್ಜಿ ಟಾಟಾ ಬೆರಗಾದರು. ಮರುವರ್ಷ ಆಂಟ್ವರ್ಪ್ ಒಲಿಂಪಿಕ್ಸಿಗೆ ಭಾರತದ ತಂಡ ಹೊರಟದ್ದಕ್ಕೆ ಆ ಬೆರಗೇ ಮೂಲ. ಆ ತಂಡದಲ್ಲಿ ಬೆಳಗಾವಿ ಕಡೆಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಮ್ಯಾರಥಾನ್ ಓಟವನ್ನು ಸುಮಾರು 2 ಗಂಟೆ 50 ನಿಮಿಷದಲ್ಲಿ ಮುಗಿಸಿ 19ನೆಯವರಾಗಿ ಗುರಿ ಮುಟ್ಟಿದರು. ಎರೆಮಣ್ಣಿನ ಸೀಮೆಯ ಕಾಲು ಜಗತ್ತಿನ ಓಟದಲ್ಲಿ ಹಾಕಿದ ಮೊದಲ ಹೆಜ್ಜೆ ಅದು. ನಮ್ಮ ಶಾಲೆಯ ಪುಸ್ತಕದಲ್ಲಿ ಈ ಹೆಸರನ್ನು ನಾನು ಓದಿದ ನೆನಪಿಲ್ಲ.

ಬರಿಗಾಲಿನ ಓಟ ಎಂದೊಡನೆ ಎಲ್ಲರೂ ಇಥಿಯೋಪಿಯದ ಅಬೇಬೆ ಬಿಕಿಲಾರನ್ನು ನೆನೆಯುತ್ತಾರೆ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಅವರು ಬರಿಗಾಲಲ್ಲಿ ಮ್ಯಾರಥಾನ್ ಗೆದ್ದದ್ದು ಸಾಧನೆಯೆಂದೂ ಬಡತನದ ಚಿತ್ರವೆಂದೂ ಹೇಳಲಾಗುತ್ತದೆ. ನಿಜ ಸಂಗತಿ ಇನ್ನೂ ಸರಳ. ಅಲ್ಲಿ ಉಳಿದಿದ್ದ ಬೂಟುಗಳಲ್ಲಿ ಅವರ ಕಾಲಿಗೆ ಹೊಂದುವಂಥದ್ದು ಸಿಗಲಿಲ್ಲ. ಬರಿಗಾಲಲ್ಲಿ ಅಭ್ಯಾಸ ಮಾಡಿದ ಅನುಭವವಿತ್ತು, ಹಾಗೆಯೇ ಓಡಿದರು; 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ವಿಶ್ವದಾಖಲೆ ಮಾಡಿದರು. 1964ರಲ್ಲಿ ಟೋಕಿಯೋದಲ್ಲಿ ಹೊಂದುವ ಬೂಟು ಸಿಕ್ಕಿತು, ಅದನ್ನು ಹಾಕಿಕೊಂಡು ಮತ್ತೆ ಗೆದ್ದರು, ಸಮಯವನ್ನೂ ಇಳಿಸಿದರು. ಬೂಟು ಬೇಡವೆಂದು ಬಿಕಿಲಾ ಎಂದೂ ವಾದಿಸಲಿಲ್ಲ. ಹೊಂದದ ಬೂಟಿಗಿಂತ ಬರಿಗಾಲು ಮೇಲು ಎಂಬುದನ್ನು ಮಾತ್ರ ಓಡಿ ತೋರಿಸಿದರು.

ಇಂದಿನ ಟ್ರೇಲ್ ಬೂಟಿನ ಅಟ್ಟೆಯ ಅಡಿಯಲ್ಲಿ ಕಾಣುವ ಹಲ್ಲುಗಳಿಗೂ ಒಂದು ಅಡುಗೆಮನೆಯ ಕಥೆಯಿದೆ. 1971ರಲ್ಲಿ ಅಮೆರಿಕದ ಒರೆಗಾನಿನ ಓಟದ ತರಬೇತುದಾರ ಬಿಲ್ ಬೋವರ್ಮನ್ ತಮ್ಮ ಮನೆಯ ‘ವಾಫಲ್’ ತಿಂಡಿಯ ಅಚ್ಚಿಗೇ ರಬ್ಬರಿನಂಥ ದ್ರವ ಸುರಿದು ಹಾಳುಮಾಡಿದರು. ನಮ್ಮ ಪಡ್ಡಿನ ಹಂಚನ್ನು ನೆನೆಸಿಕೊಂಡರೆ ಆ ಅಚ್ಚಿನ ಅಂದಾಜು ಸಿಗುತ್ತದೆ. ಹಂಚು ಕೆಟ್ಟಿತು, ಆದರೆ ಹಗುರವಾಗಿದ್ದೂ ನೆಲ ಹಿಡಿಯುವ ಅಟ್ಟೆಯ ಉಪಾಯ ಹೊಳೆಯಿತು.

ಈ ಹಲ್ಲುಗಳೇ ನೆಲದ ಅಳತೆ. ಸಾಮಾನ್ಯವಾಗಿ ನಾಲ್ಕರಿಂದ ಆರು ಮಿಲಿಮೀಟರು ಎತ್ತರವಿರುತ್ತವೆ. ನಮ್ಮ ಎರೆಮಣ್ಣಿಗೆ ಹಲ್ಲು ಎತ್ತರವಾಗಿ, ಒಂದಕ್ಕೊಂದು ದೂರ ದೂರ ಇರಬೇಕು. ಒತ್ತೊತ್ತಾಗಿದ್ದರೆ ನಡುವೆ ಮಣ್ಣು ತುಂಬಿ ಅಟ್ಟೆ ಚಪ್ಪಟೆಯಾಗುತ್ತದೆ, ಬಳಿಕ ಹಲ್ಲಿದ್ದೂ ಇಲ್ಲದಂತೆ. ಆದರೆ ನಲ್ಲಮಲದ ಬಂಡೆಗೆ ಇದಕ್ಕೆ ವಿರುದ್ಧ: ಗಿಡ್ಡ ಹಲ್ಲು, ಮೆತ್ತನೆಯ ರಬ್ಬರು, ಕಲ್ಲನ್ನು ಹೆಚ್ಚು ಮುಟ್ಟುವ ಅಟ್ಟೆ. ಚೂಪು ಕಲ್ಲಿನಿಂದ ಅಂಗಾಲು ಉಳಿಸಲು ಕೆಲವು ಬೂಟುಗಳಲ್ಲಿ ಅಟ್ಟೆಯ ಪದರಗಳ ನಡುವೆ ತೆಳುವಾದ ಗಟ್ಟಿ ಹಲಗೆಯಿರುತ್ತದೆ. ಜಾಲಿಮುಳ್ಳಿನ ನಾಡಿನಲ್ಲಿ ಇದು ಬೇಕೇ ಬೇಕು. ಮುಳ್ಳು ಮೆತ್ತನೆಯ ಫೋಮಿನೊಳಗೆ ಸಲೀಸಾಗಿ ಇಳಿಯುತ್ತದೆ ಎಂಬುದನ್ನು ಹವಾಯಿ ಚಪ್ಪಲಿ ಮೆಟ್ಟಿ ಹೊಲಕ್ಕೆ ಹೋದವರೆಲ್ಲ ಬಲ್ಲರು. ಬೂಟಿನ ಮೇಲುಹೊದಿಕೆ ನೀರು ತಡೆಯುವಂಥದ್ದಾದರೆ ಒಳ್ಳೆಯದೆಂದು ಮಾರುವವರು ಹೇಳುತ್ತಾರೆ. ನಮ್ಮ ಬಿಸಿಲಿಗೆ ಅದು ಸಲ್ಲದು. ಒಳಗಿನ ಬೆವರು ಹೊರಗೆ ಹೋಗದೆ ಚರ್ಮ ನೆನೆದು ಮೆತ್ತಗಾದರೆ ಗುಳ್ಳೆ ಏಳುವುದು ಇನ್ನೂ ಬೇಗ. ನೀರು ಬಂದರೆ ಬರಲಿ, ಬಂದದ್ದು ಹೊರಗೆ ಹೋಗುವ ಜಾಳಿಗೆಯ ಬಟ್ಟೆಯೇ ವಾಸಿ.

ಕಾಲಿನ ಅಳತೆಗೆ ಬಂದರೆ ಕಥೆ ಇನ್ನಷ್ಟು ವಿಚಿತ್ರ. ನಾವು ಏಳು, ಎಂಟು, ಒಂಬತ್ತು ಎಂದು ಹೇಳುವ ನಂಬರು ಇಂಗ್ಲೆಂಡಿನದು. ಒಂದು ನಂಬರಿಗೂ ಮುಂದಿನದಕ್ಕೂ ಇರುವ ಅಂತರ ಒಂದು ಬಾರ್ಲಿ ಕಾಳಿನ ಉದ್ದ, ಅಂದರೆ ಅಂಗುಲದ ಮೂರನೆಯ ಒಂದು ಪಾಲು. ಜೋಳ ಬೆಳೆಯುವ ನಾಡಿನವರ ಕಾಲನ್ನು ಬಾರ್ಲಿಯಲ್ಲಿ ಅಳೆಯುತ್ತಿದ್ದೇವೆ! ಅದಕ್ಕಿಂತ ಮುಖ್ಯವಾಗಿ, ಈ ನಂಬರು ಉದ್ದವನ್ನಷ್ಟೇ ಹೇಳುತ್ತದೆ. ಅಮೆರಿಕದ ಚಾರ್ಲ್ಸ್ ಬ್ರಾನ್ನಕ್ 1920ರ ದಶಕದಲ್ಲಿ ತಯಾರಿಸಿದ ಲೋಹದ ಅಳತೆಪಟ್ಟಿ ಹಿಮ್ಮಡಿಯಿಂದ ಬೆರಳ ತುದಿಯವರೆಗಿನ ಉದ್ದ, ಹಿಮ್ಮಡಿಯಿಂದ ಹೆಬ್ಬೆರಳ ಬುಡದ ಗಂಟಿನವರೆಗಿನ ಉದ್ದ, ಅಗಲ ಈ ಮೂರನ್ನೂ ಹೇಳುತ್ತಿತ್ತು. ನಮ್ಮ ಅಂಗಡಿಗಳಿಗೆ ಬಂದದ್ದು ಮೊದಲನೆಯದು ಮಾತ್ರ.

ನಮ್ಮ ಕಾಲು ಬೇರೆ ಎಂಬುದಕ್ಕೆ ಕರ್ನಾಟಕದಲ್ಲಿಯೇ ನಡೆದ ಒಂದು ಅಧ್ಯಯನ ಜಗತ್ತಿನ ಮೂಳೆವೈದ್ಯರಲ್ಲಿ ಹೆಸರಾಗಿದೆ. ಕಸ್ತೂರಬಾ ಮೆಡಿಕಲ್ ಕಾಲೇಜಿನ ಡಾ. ಯು. ಬಿ. ರಾವ್ ಮತ್ತು ಡಾ. ಬೆಂಜಮಿನ್ ಜೋಸೆಫ್ ನಾಲ್ಕರಿಂದ ಹದಿಮೂರು ವರ್ಷದ 2,300 ಮಕ್ಕಳ ಹೆಜ್ಜೆಗುರುತು ತೆಗೆದು 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೆಟ್ಟು ಹಾಕುವ ಮಕ್ಕಳಲ್ಲಿ ಶೇ 8.6 ಮಂದಿಗೆ ಚಪ್ಪಟೆ ಪಾದವಿತ್ತು. ಬರಿಗಾಲಿನ ಮಕ್ಕಳಲ್ಲಿ ಶೇ 2.8. ಮುಂಭಾಗ ಮುಚ್ಚಿದ ಬೂಟು ಹಾಕುವವರಲ್ಲಿ ಈ ತೊಂದರೆ ಹೆಚ್ಚು, ಚಪ್ಪಲಿ ಹಾಕುವವರಲ್ಲಿ ಕಡಿಮೆ. ಅಂಗಾಲಿನ ಕಮಾನು ಬಲಿಯುವ ವಯಸ್ಸಿನಲ್ಲಿ ಬೆರಳುಗಳಿಗೆ ಕೆಲಸ ಬೇಕು ಎಂಬುದು ಇದರ ಸೂಚನೆ. ಬಾಲ್ಯವೆಲ್ಲ ಬರಿಗಾಲಲ್ಲೋ ಚಪ್ಪಲಿಯಲ್ಲೋ ಕಳೆದವರ ಬೆರಳುಗಳು ಬೀಸಣಿಕೆಯಂತೆ ಹರಡಿರುತ್ತವೆ. ಅಂಥ ಕಾಲನ್ನು ಇಪ್ಪತ್ತೈದರ ವಯಸ್ಸಿನಲ್ಲಿ ಚೂಪು ಮೂತಿಯ ಬೂಟಿಗೆ ತುರುಕಿದರೆ ಏನಾಗುತ್ತದೆ ಎಂಬುದನ್ನು ನಾನು ಆಗಲೇ ಹೇಳಿದ್ದೇನೆ.

ಸರಕಾರಕ್ಕೂ ಇದು ತಿಳಿಯದೇ ಇಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ದೇಶದ ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಯಂತ್ರದಿಂದ ಅಳೆಯಿಸಿತು. ಭಾರತೀಯರ ಪಾದ ಪಾಶ್ಚಾತ್ಯರ ಪಾದಕ್ಕಿಂತ ಅಗಲ ಎಂಬುದು ಅದರಿಂದ ಕಂಡುಬಂತು. ‘ಭಾ’ ಎಂಬ ಹೆಸರಿನಲ್ಲಿ ಭಾರತದ್ದೇ ಆದ ಅಳತೆಯ ಕ್ರಮವೊಂದನ್ನು ರೂಪಿಸಿರುವುದು 2024ರಲ್ಲಿ ಸುದ್ದಿಯಾಯಿತು. ಯಂತ್ರ ಕಂಡುಹಿಡಿದ ಈ ಸತ್ಯವನ್ನು ಸಂತೆಯ ಹಿರಿಯರು ಹಳೆಯ ಪತ್ರಿಕೆ, ಗಿಡ್ಡ ಪೆನ್ಸಿಲ್ಲಿನಿಂದ ಕಂಡುಹಿಡಿದಿದ್ದರು.

ಅವರಿಂದ ಕಲಿತದ್ದನ್ನೂ ಆಮೇಲೆ ಓಟಗಾರ ಗೆಳೆಯರಿಂದ ತಿಳಿದದ್ದನ್ನೂ ಸೇರಿಸಿ ಈಗ ನಾನು ಬೂಟು ಕೊಳ್ಳಲು ಸಂಜೆಯೇ ಹೋಗುತ್ತೇನೆ. ದಿನವಿಡೀ ಓಡಾಡಿದ ಕಾಲು ಸಂಜೆಗೆ ತುಸು ಉಬ್ಬಿರುತ್ತದೆ, ದೂರದ ನಡಿಗೆಯಲ್ಲಿಯೂ ಅದು ಉಬ್ಬುವುದರಿಂದ ಆ ಅಳತೆಯೇ ನಿಜವಾದದ್ದು. ನಡೆಯುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು, ಎರಡೂ ಕಾಲಿಗೆ ಬೂಟು ಕಟ್ಟಿ ನಿಲ್ಲುತ್ತೇನೆ, ಯಾಕೆಂದರೆ ಬಹಳ ಜನರ ಎರಡು ಕಾಲು ಒಂದೇ ಅಳತೆಯವಲ್ಲ. ದೊಡ್ಡದರ ಅಳತೆಯೇ ಲೆಕ್ಕ. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇರಬೇಕು. ಮೇಲೇರುವಾಗ ಹಿಮ್ಮಡಿ ಎದ್ದು ಬರಬಾರದು. ಮುಖ್ಯ ಪರೀಕ್ಷೆ ಇಳಿಜಾರಿನದು. ಅಂಗಡಿಯ ಮೆಟ್ಟಿಲಾದರೂ ಸರಿ, ಇಳಿದು ನೋಡಬೇಕು. ಬೆರಳು ಮುಂದಕ್ಕೆ ಹೋಗಿ ಬಡಿದರೆ ಭೀಮನ ಕೊಳ್ಳದಲ್ಲಿ ಉಗುರು ಉಳಿಯುವುದಿಲ್ಲ. ಕಟ್ಟಿದಾಗ ಒಂದು ಕಡೆ ಒತ್ತಿದರೆ ‘ಹಾಕ್ಕೋತ ಹಾಕ್ಕೋತ ಸಡಿಲಾಗತದ್ರಿ’ ಎಂದು ಅಂಗಡಿಯವರು ಹೇಳುತ್ತಾರೆ. ತೊಗಲಿಗೆ ಆ ಮಾತು ನಿಜ. ಪ್ಲಾಸ್ಟಿಕ್ಕಿನ ನೇಯ್ಗೆ ತೊಗಲಲ್ಲ, ಅದಕ್ಕೆ ನಿಮ್ಮ ಕಾಲಿನ ಪರಿಚಯ ಎಂದೂ ಆಗುವುದಿಲ್ಲ. ಐನೂರರಿಂದ ಎಂಟುನೂರು ಕಿಲೋಮೀಟರಿಗೆ ಅದರ ಮೆತ್ತೆ ಸಾಯುತ್ತದೆ. ಆಗ ಅದನ್ನು ಎಸೆಯಬೇಕು, ಅಟ್ಟೆ ಬದಲಿಸಿ ಹೊಲಿಯುವಂತಿಲ್ಲ. ಒಂದು ಜೊತೆ ಬೂಟಿನ ಆಯುಷ್ಯವೆಂದರೆ ಶ್ರೀಶೈಲಕ್ಕೆ ಹೋಗಿ ನಡೆದೇ ಮರಳಿದಷ್ಟು.

2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪೆನಿ ಮಿಲಾನಿನ ಪ್ರದರ್ಶನದಲ್ಲಿ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿ ತೋರಿಸಿ, ಮೂಲದ ಹೆಸರು ಹೇಳದೆ ಟೀಕೆಗೆ ಗುರಿಯಾಯಿತು. ಆಮೇಲೆ ಭಾರತದ ಪರಂಪರೆಯಿಂದ ಪ್ರೇರಣೆ ಪಡೆದದ್ದನ್ನು ಒಪ್ಪಿಕೊಂಡಿತು. ವರ್ಷದ ಕೊನೆಗೆ ಮಹಾರಾಷ್ಟ್ರದ ಮತ್ತು ಕರ್ನಾಟಕದ ಚರ್ಮ ಕೈಗಾರಿಕಾ ನಿಗಮಗಳೊಂದಿಗೆ ಒಪ್ಪಂದ ಮಾಡಿಕೊಂಡು ಇಲ್ಲಿಯ ಕುಶಲಿಗಳಿಂದಲೇ ಚಪ್ಪಲಿ ಮಾಡಿಸುವುದಾಗಿ ಪ್ರಕಟಿಸಿತು. ಒಂದು ಜೊತೆಗೆ ಸುಮಾರು 800 ಯೂರೋ ಎಂದು ವರದಿಯಾಯಿತು.

ಆಲಮೇಲದ ಹಿರಿಯರಿಗೆ ಈ ಬೆಲೆಯನ್ನು ರೂಪಾಯಿಯಲ್ಲಿ ಹೇಳಿದೆ. ಅವರು ನಗಲಿಲ್ಲ, ಬೆರಗೂ ಆಗಲಿಲ್ಲ. ನನ್ನ ಬೂಟಿನ ಕಿರುಬೆರಳ ಪಕ್ಕದ ಹೊಲಿಗೆಯನ್ನು ರಂಪಿಗೆಯ ಮೊನೆಯಿಂದ ಬಿಚ್ಚಿ, ಅಲ್ಲಿಗೆ ಮೆತ್ತನೆಯ ತೊಗಲಿನ ತುಂಡೊಂದನ್ನು ಸೇರಿಸಿ ಹೊಲಿಯುತ್ತಿದ್ದರು. ಒಂದು ಜೊತೆ ತೊಗಲಿನ ಚಪ್ಪಲಿ ಹೊಲಿದುಕೊಡುವಿರಾ ಎಂದು ಕೇಳಿದಾಗ, ಹದವಾದ ತೊಗಲು ಈಗ ಅಥಣಿಯ ಕಡೆಯಿಂದ ತರಿಸಬೇಕು, ಹೇಳಿದರೆ ತರಿಸುತ್ತೇನೆ ಎಂದರು. ಬೂಟಿನ ಕೆಲಸಕ್ಕೆ ಅರವತ್ತು ರೂಪಾಯಿ ತೆಗೆದುಕೊಂಡರು. ಕಾಲಿನ ಗೆರೆ ಎಳೆದಿದ್ದ ಪತ್ರಿಕೆಯ ಹಾಳೆಯನ್ನು ಮಡಚಿ, ಮೇಲೆ ನನ್ನ ಹೆಸರು ಬರೆಸಿಕೊಂಡು, ಪೆಟ್ಟಿಗೆಯೊಳಗೆ ಅಂಥವೇ ಹತ್ತಾರು ಹಾಳೆಗಳ ಜೊತೆ ಇಟ್ಟುಕೊಂಡರು.